ಲಿನಕ್ಸ್‌ನಲ್ಲಿ ವಿಶೇಷ ಯುನಿಕೋಡ್ ಚಿಹ್ನೆಗಳ ಟೈಪಿಂಗ್: ಕಂಪೋಸ್ ಕೀಲಿಯೇ, ಆಲ್ಟ್‌ಜಿಆರ್ ವಿನ್ಯಾಸವೇ, ಕೀಡಿಯೇ?

ಕೀಲಿಮಣೆಯ ಮೇಲೆ ಅಚ್ಚಾಗಿರದ ಚಿಹ್ನೆಯೊಂದು ಬರವಣಿಗೆಯ ನಡುವೆ ಬೇಕಾದಾಗ ನಮ್ಮಲ್ಲಿ ಹೆಚ್ಚಿನವರು ಅದನ್ನು ಎಲ್ಲಿಂದಲೋ ನಕಲು ಮಾಡಿ ತಂದು ಅಂಟಿಸುತ್ತೇವೆ. ತಿಂಗಳಿಗೊಮ್ಮೆ ಬೇಕಾಗುವ ಚಿಹ್ನೆಗೆ ಅಷ್ಟು ಸಾಕು. ಆದರೆ ಉದ್ದ ಗೆರೆ, ಬಾಣದ ಗುರುತು, ಡಿಗ್ರಿ, ಗುಣಾಕಾರದ ×, ಸಮವಲ್ಲ ಎನ್ನುವ ≠ ಇಂಥವು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಬೇಕಾಗುವವರಿಗೆ ಪ್ರತಿಸಲವೂ ಕೈ ನಿಲ್ಲಿಸಿ ಹುಡುಕುವುದು ಬರವಣಿಗೆಯ ಓಟವನ್ನೇ ಕಡಿದುಹಾಕುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಏಳೆಂಟು ದಾರಿಗಳಿವೆ. ಒಂದೊಂದು ದಾರಿಯನ್ನು ವಿವರಿಸುವ ಬರಹಗಳು ಬೇಕಾದಷ್ಟು ಸಿಗುತ್ತವೆ. ಯಾವ ದಾರಿ ಎಲ್ಲಿ ಕೈಕೊಡುತ್ತದೆ ಎಂದು ಹೇಳುವ ಬರಹಗಳು ಕಡಿಮೆ. ಈ ದಾರಿಗಳಲ್ಲಿ ಹೆಚ್ಚಿನವನ್ನು ವರ್ಷಗಟ್ಟಲೆ ಬಳಸಿ, ಕೆಲವನ್ನು ಬಿಟ್ಟು, ಕೆಲವನ್ನು ಉಳಿಸಿಕೊಂಡವನಾಗಿ ನಾನು ಇಲ್ಲಿ ಆ ಎರಡನೆಯ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಒತ್ತಿದ ಕೀಲಿ ಅಕ್ಷರವಾಗುವುದು ಎಲ್ಲಿ?

ಆಯ್ಕೆ ಮಾಡುವ ಮೊದಲು ಕೀಲಿಯೊಂದರ ಪ್ರಯಾಣವನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಎಲ್ಲ ಗೊಂದಲಗಳ ಬೇರು ಅಲ್ಲೇ ಇದೆ. ಅಡ್ಡಗೆರೆಯ ಕೀಲಿಯನ್ನು, ಅಂದರೆ ಸೊನ್ನೆಯ ಬಲಗಡೆ ಇರುವ ಕೀಲಿಯನ್ನು ಒತ್ತಿದಿರಿ ಎನ್ನೋಣ. ಕೀಲಿಮಣೆಯಿಂದ ಬರುವುದು ಅಕ್ಷರವಲ್ಲ. ಯಾವ ಜಾಗದ ಕೀಲಿ ಒತ್ತಲ್ಪಟ್ಟಿತು ಎನ್ನುವ ಸಂಖ್ಯೆ ಮಾತ್ರ. ಲಿನಕ್ಸ್ ಕರ್ನೆಲ್ ಆ ಕೀಲಿಗೆ ಕೊಟ್ಟಿರುವ ಸಂಖ್ಯೆ 12. ಪರದೆ ಮತ್ತು ಕೀಲಿಮಣೆಯನ್ನು ನೋಡಿಕೊಳ್ಳುವ ಎಕ್ಸ್ ಸರ್ವರ್ ತನ್ನ ಹಳೆಯ ಪದ್ಧತಿಯಂತೆ ಅದಕ್ಕೆ 8 ಸೇರಿಸಿಕೊಂಡು 20 ಎಂದು ಗುರುತಿಸುತ್ತದೆ. ಎರಡನೆಯ ಹಂತದಲ್ಲಿ ಎಕ್ಸ್‌ಕೆಬಿ ಎಂಬ ವ್ಯವಸ್ಥೆ, ನೀವು ಆರಿಸಿಕೊಂಡ ಕೀಲಿಮಣೆ ವಿನ್ಯಾಸವನ್ನು ನೋಡಿ, ಶಿಫ್ಟ್ ಒತ್ತಿದೆಯೇ, ಬಲಗಡೆಯ ಆಲ್ಟ್ ಒತ್ತಿದೆಯೇ ಎಂದು ಪರಿಶೀಲಿಸಿ, ಆ ಸಂಖ್ಯೆಯನ್ನು ಒಂದು ಚಿಹ್ನೆಗೆ ಹೊಂದಿಸುತ್ತದೆ. ಮೂರನೆಯ ಹಂತದಲ್ಲಿ ಅನ್ವಯ ತಂತ್ರಾಂಶವು ಜಿಟಿಕೆ ಅಥವಾ ಕ್ಯೂಟಿಯಂಥ ಗ್ರಂಥಾಲಯದ (ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಸಿದ್ಧ ಕೋಡ್‌ನ) ಮೂಲಕವೋ, ಐಬಸ್ ಅಥವಾ ಎಫ್‌ಸಿಟಿಎಕ್ಸ್‌ನಂಥ ಇನ್‌ಪುಟ್ ಮೆಥಡ್ (ಒತ್ತಿದ ಕೀಲಿಗಳನ್ನು ಅಕ್ಷರಗಳಾಗಿಸುವ ನಡುವಣ ತಂತ್ರಾಂಶ) ಮೂಲಕವೋ ಆ ಚಿಹ್ನೆಗಳನ್ನು ಸರಣಿಯಾಗಿ ಜೋಡಿಸಿ ಪಠ್ಯವನ್ನಾಗಿ ಮಾಡುತ್ತದೆ.

ಎರಡನೆಯ ಹಂತ ತಲುಪುವವರೆಗೆ ಅಕ್ಷರ ಎನ್ನುವುದೇ ಹುಟ್ಟಿರುವುದಿಲ್ಲ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ, ಯಾವುದೇ ಹೊಸ ಸಾಧನ ಎದುರಾದಾಗ ಅದು ಯಾವ ಹಂತದಲ್ಲಿ ಕೈಹಾಕುತ್ತದೆ ಎಂದು ಕೇಳಿದರೆ ಸಾಕು, ಅದರ ಬಲವೂ ಮಿತಿಯೂ ಬಹುಮಟ್ಟಿಗೆ ತಿಳಿದುಬಿಡುತ್ತವೆ.

ಸಂಕೇತ ಸಂಖ್ಯೆ ಕೊಟ್ಟು ಬರೆಯುವುದು

ಏನನ್ನೂ ಹೊಂದಿಸದೆ ಬಳಸಬಹುದಾದ ದಾರಿಯೆಂದರೆ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಅಡಿಗೆರೆಯುಳ್ಳ ಯು ಕಾಣಿಸಿಕೊಂಡ ಮೇಲೆ ಚಿಹ್ನೆಯ ಯುನಿಕೋಡ್ ಸಂಖ್ಯೆಯನ್ನು ಟೈಪ್ ಮಾಡಿ, ಎಂಟರ್ ಅಥವಾ ಸ್ಪೇಸ್ ಒತ್ತುವುದು. ಉದ್ದ ಗೆರೆಗೆ 2014, ಬಲಬಾಣಕ್ಕೆ 2192, ≠ ಚಿಹ್ನೆಗೆ 2260. ಇದು ಜಿಟಿಕೆ ಬಳಸುವ ತಂತ್ರಾಂಶಗಳಲ್ಲಿಯೂ ಐಬಸ್ ಓಡುತ್ತಿರುವ ಕಡೆಗಳಲ್ಲಿಯೂ ನಡೆಯುತ್ತದೆ. ಇನ್‌ಪುಟ್ ಮೆಥಡ್ ಇಲ್ಲದ ಕ್ಯೂಟಿ ತಂತ್ರಾಂಶದಲ್ಲಿ ನಡೆಯುವುದಿಲ್ಲ. ಕೆಲವು ತಂತ್ರಾಂಶಗಳು ಅದೇ ಮೂರು ಕೀಲಿಗಳನ್ನು ತಮ್ಮ ಬೇರೊಂದು ಕೆಲಸಕ್ಕೆ ಇಟ್ಟುಕೊಂಡಿರುವುದೂ ಉಂಟು. ಎರಡು ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡು ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ ಬಳಸಲು ಇದು ಒಳ್ಳೆಯದು. ದಿನನಿತ್ಯದ ಬರವಣಿಗೆಗೆ ಇದನ್ನು ನೆಚ್ಚಿಕೊಳ್ಳಬೇಡಿ ಎಂದೇ ನನ್ನ ಸಲಹೆ, ಏಕೆಂದರೆ ಒಂದು ಚಿಹ್ನೆಗೆ ಎಂಟು ಕೀಲಿಗಳನ್ನು ಒತ್ತುವ ಕೈ ಬಹುಬೇಗ ಸೋತು ಮತ್ತೆ ನಕಲು ಮಾಡುವ ಅಭ್ಯಾಸಕ್ಕೇ ಮರಳುತ್ತದೆ.

ಕಂಪೋಸ್ ಕೀಲಿ

ಆಮೇಲೆ ಒತ್ತುವ ಎರಡು ಮೂರು ಕೀಲಿಗಳ ಸರಣಿಯನ್ನು ಸೇರಿಸಿ ಒಂದು ಚಿಹ್ನೆಯಾಗಿಸುವ ಕಂಪೋಸ್ ಕೀಲಿ ಹಳೆಯ ಕಲ್ಪನೆ. 1983ರಲ್ಲಿ ಡಿಇಸಿ ಕಂಪನಿ ತನ್ನ ವಿಟಿ220 ಟರ್ಮಿನಲ್ ಜೊತೆಗೆ ತಂದ ಎಲ್‌ಕೆ201 ಕೀಲಿಮಣೆಯಲ್ಲಿ ಅದಕ್ಕೆಂದೇ ಒಂದು ಕೀಲಿ ಇತ್ತು. ಇಂದಿನ ಕೀಲಿಮಣೆಗಳಲ್ಲಿ ಅದು ಇಲ್ಲದ್ದರಿಂದ ನಾವು ಬಳಸದ ಯಾವುದಾದರೂ ಕೀಲಿಯನ್ನು ಅದಕ್ಕೆ ಬಿಟ್ಟುಕೊಡಬೇಕಾಗುತ್ತದೆ: ಬಲಗಡೆಯ ಆಲ್ಟ್, ಬಲಗಡೆಯ ಕಂಟ್ರೋಲ್, ಮೆನು ಕೀಲಿ, ಅಥವಾ ಕ್ಯಾಪ್ಸ್‌ಲಾಕ್. ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪ್‌ಗಳೆರಡರಲ್ಲೂ ಕೀಲಿಮಣೆಯ ಸೆಟ್ಟಿಂಗ್‌ಗಳಲ್ಲೇ ಈ ಆಯ್ಕೆ ಸಿಗುತ್ತದೆ. ಕಡತ ತಿದ್ದುವ ಅಗತ್ಯವಿಲ್ಲ.

ಅದರ ಸೊಗಸು ಇರುವುದು ಸರಣಿಗಳು ಕಣ್ಣಿಗೆ ಕಾಣುವ ಹಾಗೆ ಇರುವುದರಲ್ಲಿ. ಕಂಪೋಸ್ ಒತ್ತಿ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡದು ಎನ್ನುವ ಚಿಹ್ನೆಯನ್ನು ಒತ್ತಿದರೆ → ಬರುತ್ತದೆ. ಓರೆಗೆರೆ ಮತ್ತು ಸಮ ಚಿಹ್ನೆ ಸೇರಿದರೆ ≠. ಎರಡು ಸಲ ಎಕ್ಸ್ ಒತ್ತಿದರೆ ×, ಎರಡು ಸಲ ಓ ಒತ್ತಿದರೆ °, ಎರಡು ಚುಕ್ಕಿ ಒತ್ತಿದರೆ …, ಮೂರು ಅಡ್ಡಗೆರೆ ಒತ್ತಿದರೆ ಉದ್ದ ಗೆರೆ, ಎರಡು ಅಡ್ಡಗೆರೆಯ ಮೇಲೊಂದು ಚುಕ್ಕಿ ಒತ್ತಿದರೆ ಅದಕ್ಕಿಂತ ಸ್ವಲ್ಪ ಗಿಡ್ಡ ಗೆರೆ. ಬಾಯಿಪಾಠ ಮಾಡದೆ ಊಹಿಸಿಯೇ ಅರ್ಧಕ್ಕರ್ಧ ಸರಣಿಗಳು ಸಿಕ್ಕಿಬಿಡುತ್ತವೆ. ಕೀಲಿಯನ್ನು ಒತ್ತಿ ಹಿಡಿದಿರಬೇಕಾಗಿಲ್ಲ ಎನ್ನುವುದು ಬೆರಳು ನೋವಿರುವವರಿಗೂ ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೂ ದೊಡ್ಡ ಅನುಕೂಲ.

ಸಿದ್ಧ ಸರಣಿಗಳು ಸಾಲದಿದ್ದರೆ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ಎಕ್ಸ್‌ಕಂಪೋಸ್ (.XCompose) ಎಂಬ ಕಡತವನ್ನು ಮಾಡಿಕೊಳ್ಳಬಹುದು. ಒಂದು ಸಾಲಿಗೆ ಒಂದು ಸರಣಿ: ಎಡಗಡೆ ಕೋನಾಕಾರದ ಕಂಸಗಳಲ್ಲಿ ಮಲ್ಟಿ ಕೀ (Multi_key) ಎಂಬ ಹೆಸರು, ಆಮೇಲೆ ಒತ್ತಬೇಕಾದ ಕೀಲಿಗಳ ಹೆಸರುಗಳು, ಒಂದು ವಿವರಣಾ ಚಿಹ್ನೆ (:), ಬಲಗಡೆ ಉದ್ಧರಣ ಚಿಹ್ನೆಗಳೊಳಗೆ ಬರಬೇಕಾದ ಪಠ್ಯ. ಬಲಗಡೆ ಒಂದೇ ಅಕ್ಷರ ಇರಬೇಕೆಂದಿಲ್ಲ. ಒಂದು ಇಡೀ ಪದವನ್ನೇ ಇಡಬಹುದು, ಆದರೆ ಹಳೆಯ ಜಿಟಿಕೆ ಆವೃತ್ತಿಗಳು ಒಂದಕ್ಕಿಂತ ಹೆಚ್ಚು ಅಕ್ಷರಗಳನ್ನು ಒಪ್ಪುವುದಿಲ್ಲ. ಕಡತದ ಮೊದಲ ಸಾಲಿನಲ್ಲಿ, ನಿಮ್ಮ ಲೊಕೇಲ್‌ನ (ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್‌ನ) ಮೂಲ ಸರಣಿಗಳನ್ನು ಸೇರಿಸಿಕೊಳ್ಳುವಂತೆ ಹೇಳುವ ಇನ್‌ಕ್ಲೂಡ್ ಆಜ್ಞೆಯನ್ನು ಮರೆಯದೆ ಬರೆಯಬೇಕು. ಅದನ್ನು ಬಿಟ್ಟರೆ ನೀವು ಬರೆದ ಐದು ಸರಣಿಗಳು ನಡೆಯುತ್ತವೆ, ಮೊದಲಿನಿಂದ ಇದ್ದ ಸಾವಿರಾರು ಸರಣಿಗಳು ಮಾಯವಾಗುತ್ತವೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ನಾನೇ ಮಾಡಿ ಒಂದು ಸಂಜೆ ಕಳೆದುಕೊಂಡದ್ದು. ಉದ್ದ ಗೆರೆಗೆ ಮೂರು ಸಲ ಒತ್ತುವುದೇಕೆ, ಎರಡು ಅಡ್ಡಗೆರೆ ಸಾಲದೇ ಎಂದು ನನ್ನ ಕಡತದಲ್ಲಿ ಎರಡು ಅಡ್ಡಗೆರೆಯ ಸರಣಿಯೊಂದನ್ನು ಬರೆದೆ. ಉದ್ದ ಗೆರೆ ಬಂತು. ಆದರೆ ಗಿಡ್ಡ ಗೆರೆ ಕಾಣೆಯಾಯಿತು. ಕಾರಣ ಸರಳ. ಒಂದು ಸರಣಿ ಇನ್ನೊಂದರ ಆರಂಭವೂ ಆಗಿದ್ದರೆ ಎರಡೂ ಬದುಕಲಾರವು: ಎರಡನೆಯ ಅಡ್ಡಗೆರೆಗೇ ಉತ್ತರ ಸಿಕ್ಕಿಬಿಟ್ಟರೆ ಮೂರನೆಯ ಕೀಲಿಗಾಗಿ ಕಾಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಸ್ವಂತ ಸರಣಿಗಳನ್ನು ಬರೆಯುವಾಗ ಮೂಲ ಪಟ್ಟಿಯಲ್ಲಿ ಅದೇ ರೀತಿ ಆರಂಭವಾಗುವ ಸರಣಿಗಳು ಯಾವುವು ಎಂದು ಮೊದಲು ಹುಡುಕಿ ನೋಡಿ. ಕಡತವನ್ನು ಬದಲಾಯಿಸಿದ ಮೇಲೆ ತೆರೆದಿರುವ ತಂತ್ರಾಂಶಗಳನ್ನು ಮುಚ್ಚಿ ಮತ್ತೆ ತೆರೆಯಬೇಕು, ಐಬಸ್ ಇದ್ದರೆ ಅದನ್ನೂ ಮತ್ತೆ ಆರಂಭಿಸಬೇಕು. ಫ್ಲ್ಯಾಟ್‌ಪ್ಯಾಕ್ ಆಗಿ, ಅಂದರೆ ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಪೊಟ್ಟಣವಾಗಿ ಅನುಸ್ಥಾಪಿಸಿದ ತಂತ್ರಾಂಶಗಳಿಗೆ ಹೋಮ್ ಫೋಲ್ಡರ್ ಕಾಣದೇ ಇದ್ದರೆ ಅವುಗಳಲ್ಲಿ ನಿಮ್ಮ ಸ್ವಂತ ಸರಣಿಗಳು ನಡೆಯದೇ ಹೋಗಬಹುದು.

ಆಲ್ಟ್‌ಜಿಆರ್ ಮತ್ತು ಸ್ವಂತ ವಿನ್ಯಾಸ

ಕಂಪೋಸ್ ಮೂರನೆಯ ಹಂತದ ಕೆಲಸವಾದರೆ ಇದು ಎರಡನೆಯ ಹಂತದ್ದು. ಎಕ್ಸ್‌ಕೆಬಿ ವಿನ್ಯಾಸದಲ್ಲಿ ಪ್ರತಿ ಕೀಲಿಗೂ ಹಲವು ಮಟ್ಟಗಳಿವೆ. ಬರಿಗೀಲಿ ಮೊದಲನೆಯದು, ಶಿಫ್ಟ್ ಜೊತೆ ಎರಡನೆಯದು, ಆಲ್ಟ್‌ಜಿಆರ್ (ಬಲಗಡೆಯ ಆಲ್ಟ್) ಜೊತೆ ಮೂರನೆಯದು, ಆಲ್ಟ್‌ಜಿಆರ್ ಮತ್ತು ಶಿಫ್ಟ್ ಎರಡೂ ಸೇರಿದರೆ ನಾಲ್ಕನೆಯದು. ಅಮೆರಿಕನ್ ಇಂಗ್ಲಿಷ್ ವಿನ್ಯಾಸದಲ್ಲಿ ಮೂರು ಮತ್ತು ನಾಲ್ಕನೆಯ ಮಟ್ಟಗಳು ಖಾಲಿ ಬಿದ್ದಿರುತ್ತವೆ. ಅಲ್ಲಿ ನಿಮಗೆ ಬೇಕಾದ ಚಿಹ್ನೆಗಳನ್ನು ಕೂರಿಸಿದರೆ ಒಂದೇ ಒತ್ತಿಗೆ, ಸರಣಿಯ ಕಾಯುವಿಕೆ ಇಲ್ಲದೆ, ಜಿಟಿಕೆ ಆಗಲಿ ಕ್ಯೂಟಿ ಆಗಲಿ ಟರ್ಮಿನಲ್ ಆಗಲಿ ಎಲ್ಲ ಕಡೆ ಅಕ್ಷರ ಬರುತ್ತದೆ. ಕ್ರಮೇಣ ಬೆರಳೇ ಅದನ್ನು ಕಲಿತುಬಿಡುತ್ತದೆ, ತಲೆ ಅದನ್ನು ನೆನೆಸಿಕೊಳ್ಳಬೇಕಾಗಿಲ್ಲ. ಈ ವಿಷಯದಲ್ಲಿ ಬೇರೆ ಯಾವ ದಾರಿಯೂ ಇದರ ಸಮಕ್ಕೆ ಬರುವುದಿಲ್ಲ.

ಸ್ವಂತ ವಿನ್ಯಾಸ ಬರೆಯುವ ಮುನ್ನ ಸಿದ್ಧವಾಗಿರುವುದನ್ನು ನೋಡಿ. ಆಲ್ಟ್‌ಜಿಆರ್ ಡೆಡ್ ಕೀಲಿಗಳುಳ್ಳ (ಮುಂದೆ ಒತ್ತುವ ಅಕ್ಷರಕ್ಕೆ ಗುರುತು ಸೇರಿಸುವ ಕೀಲಿಗಳುಳ್ಳ) ಅಂತರರಾಷ್ಟ್ರೀಯ ಇಂಗ್ಲಿಷ್ ವಿನ್ಯಾಸ, ಐರೋಪ್ಯ ಭಾಷೆಗಳಿಗೆಂದು ರೂಪಿಸಿದ ಯೂರ್‌ಕೀ ವಿನ್ಯಾಸ, ಮತ್ತು ಯಾವುದೇ ವಿನ್ಯಾಸದ ಮೇಲೆ ಮುದ್ರಣಕಲೆಯ ಚಿಹ್ನೆಗಳನ್ನು ಹೆಚ್ಚುವರಿಯಾಗಿ ಹೊದಿಸುವ ಒಂದು ಆಯ್ಕೆ ಇವೆಲ್ಲ ಲಿನಕ್ಸ್‌ನ ಜೊತೆಗೇ ಬರುತ್ತವೆ. ಬರವಣಿಗೆಯವರಿಗೆ ಕೊನೆಯ ಆಯ್ಕೆಯೊಂದೇ ಸಾಕಾಗುವ ಸಾಧ್ಯತೆ ಹೆಚ್ಚು.

ಸ್ವಂತದ್ದೇ ಬೇಕೆಂದರೆ ಬರೆಯುವ ಕಡತ ಮೇಲ್ನೋಟಕ್ಕೆ ಒಗಟಿನಂತಿದ್ದರೂ ಓದಲು ಕಷ್ಟವಿಲ್ಲ. ಅಡ್ಡಗೆರೆಯ ಕೀಲಿಗೆ ಅಲ್ಲಿನ ಹೆಸರು ಎಇ11: ಎ ಎಂದರೆ ಅಕ್ಷರಗಳ ಭಾಗ, ಇ ಎಂದರೆ ಸ್ಪೇಸ್ ಇರುವ ಕೆಳಸಾಲಿನಿಂದ ಎಣಿಸಿದರೆ ಐದನೆಯದಾದ ಅಂಕಿಗಳ ಸಾಲು, 11 ಎಂದರೆ ಆ ಸಾಲಿನ ಹನ್ನೊಂದನೆಯ ಕೀಲಿ. ಆ ಹೆಸರಿನ ಮುಂದೆ ಚೌಕ ಕಂಸದೊಳಗೆ ನಾಲ್ಕು ಮಟ್ಟಗಳಿಗೆ ನಾಲ್ಕು ಚಿಹ್ನೆಗಳನ್ನು ಬರೆದರಾಯಿತು. ಹೆಸರಿಲ್ಲದ ಚಿಹ್ನೆಯಾದರೆ ಯು ಅಕ್ಷರದ ನಂತರ ಯುನಿಕೋಡ್ ಸಂಖ್ಯೆಯನ್ನು ಬರೆಯಬಹುದು. ಮೇಲ್ಭಾಗದಲ್ಲಿ ಮೂಲ ಇಂಗ್ಲಿಷ್ ವಿನ್ಯಾಸವನ್ನು ಸೇರಿಸಿಕೊಳ್ಳುವ ಒಂದು ಸಾಲು, ಬಲಗಡೆಯ ಆಲ್ಟ್ ಕೀಲಿ ಮೂರನೆಯ ಮಟ್ಟದ್ದೆಂದು ಹೇಳುವ ಇನ್ನೊಂದು ಸಾಲು ಇರಬೇಕು. ಎರಡನೆಯದನ್ನು ಬಿಟ್ಟರೆ ಕಡತದಲ್ಲಿ ಎಲ್ಲವೂ ಸರಿಯಿದ್ದರೂ ಆ ಚಿಹ್ನೆಗಳನ್ನು ತಲುಪುವ ದಾರಿಯೇ ಇರುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಆ ಕಡತವನ್ನು ಎಲ್ಲಿ ಇಡಬೇಕು ಎನ್ನುವುದರಲ್ಲಿ ಎಕ್ಸ್ ಮತ್ತು ಅದರ ಜಾಗಕ್ಕೆ ಬರುತ್ತಿರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬೇರೆಯಾಗುತ್ತವೆ. ವೇಲ್ಯಾಂಡ್ ಪರಿಸರಗಳು ಬಳಸುವ ಲಿಬ್‌ಎಕ್ಸ್‌ಕೆಬಿಕಾಮನ್ ಗ್ರಂಥಾಲಯವು 2020ರಿಂದ ಬಳಕೆದಾರನ ಸ್ವಂತ ಕಾನ್ಫಿಗ್ ಫೋಲ್ಡರಿನೊಳಗಿನ ಎಕ್ಸ್‌ಕೆಬಿ ಉಪಫೋಲ್ಡರನ್ನೂ ನೋಡುತ್ತದೆ. ಎಕ್ಸ್ ಸರ್ವರ್ ಹಾಗೆ ನೋಡುವುದಿಲ್ಲ. ಅದಕ್ಕೆ ವ್ಯವಸ್ಥೆಯ ಫೋಲ್ಡರಿನಲ್ಲೇ ಇಡಬೇಕು. ಅಲ್ಲಿರುವ ಮೂಲ ಕಡತಗಳನ್ನು ನೇರವಾಗಿ ತಿದ್ದಿದರೆ ಮುಂದಿನ ಅಪ್‌ಡೇಟ್ ನಿಮ್ಮ ಕೆಲಸವನ್ನೆಲ್ಲ ಅಳಿಸಿಹಾಕುತ್ತದೆ. ಇದಕ್ಕೆಂದೇ ಈಗಿನ ವಿನ್ಯಾಸಗಳ ಪಟ್ಟಿಯಲ್ಲಿ ಕಸ್ಟಮ್ ಎಂಬ ಹೆಸರನ್ನು ಖಾಲಿ ಬಿಟ್ಟಿದ್ದಾರೆ. ಆ ಹೆಸರಿನಲ್ಲಿ ಕಡತ ಮಾಡಿಟ್ಟರೆ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ, ಸೆಟ್ಟಿಂಗ್‌ಗಳ ಪಟ್ಟಿಯಲ್ಲಿಯೂ ಅದು ಕಾಣಿಸುತ್ತದೆ.

ಅಪಾಯವನ್ನೂ ಹೇಳಲೇಬೇಕು. ಒಂದು ಅರ್ಧವಿರಾಮ ಚಿಹ್ನೆ ತಪ್ಪಿದರೂ ಇಡೀ ವಿನ್ಯಾಸ ಲೋಡ್ ಆಗುವುದಿಲ್ಲ. ಹಿಂದೊಮ್ಮೆ ವ್ಯವಸ್ಥೆಯ ಕಡತವನ್ನೇ ತಿದ್ದಿ, ಪರೀಕ್ಷಿಸದೆ ಮರುಆರಂಭಿಸಿ, ಲಾಗಿನ್ ಪರದೆಯಲ್ಲಿ ಪಾಸ್‌ವರ್ಡಿನ ಒಂದು ಅಕ್ಷರವನ್ನೂ ಒತ್ತಲಾಗದೆ ಕೂತಿದ್ದೆ. ಕೊನೆಗೆ ಇನ್ನೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಒಳಹೊಕ್ಕು ಕಡತವನ್ನು ಸರಿಪಡಿಸಬೇಕಾಯಿತು. ಈಗ ಎಕ್ಸ್‌ಕೆಬಿ‌ಸಿಎಲ್‌ಐ ಎಂಬ ಆಜ್ಞೆಯಿಂದ ಕಡತವನ್ನು ಮೊದಲೇ ಕಂಪೈಲ್ ಮಾಡಿ ನೋಡಬಹುದು. ಅದು ತಪ್ಪಿರುವ ಸಾಲನ್ನು ತೋರಿಸುತ್ತದೆ, ಆದ್ದರಿಂದ ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಕಣ್ಣಿಗೆ ಕಾಣದ ಚಿಹ್ನೆಗಳು

ಇಲ್ಲಿ ಒಂದು ವಿಶೇಷ ಸಂದರ್ಭವನ್ನು ಬೇರೆಯಾಗಿ ನೋಡಬೇಕು. ಸಾಫ್ಟ್‌ವೇರ್ ಎಂಬ ಪದದಲ್ಲಿ ಟಕಾರದ ಕೆಳಗೆ ವಕಾರ ಒತ್ತಕ್ಷರವಾಗಿ ಇಳಿಯದಂತೆ ತಡೆಯುವುದು ನಡುವೆ ಇರುವ ಕಾಣದ ಅಕ್ಷರ. ಅದರ ಯುನಿಕೋಡ್ ಸಂಖ್ಯೆ 200ಸಿ. ಕನ್ನಡ, ಪಾರಸಿ ಮುಂತಾದ ಲಿಪಿಗಳಲ್ಲಿ ಬರೆಯುವವರಿಗೆ ಇದು ದಿನವೂ ಬೇಕು. ಎಕ್ಸ್‌ಕೆಬಿಯಲ್ಲಿ ಇದನ್ನು ಸ್ಪೇಸ್ ಕೀಲಿಯ ಎರಡನೆಯ ಮಟ್ಟದಲ್ಲಿ, ಅಂದರೆ ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಬರುವಂತೆ ಇಡುವ ಸಿದ್ಧ ಆಯ್ಕೆಯೇ ಇದೆ. ಆದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ದೊಡ್ಡಕ್ಷರ ಒತ್ತಿದ ಮೇಲೆ ಶಿಫ್ಟ್‌ನಿಂದ ಬೆರಳು ತೆಗೆಯುವುದು ಒಂದು ಕ್ಷಣ ತಡವಾದರೂ ಖಾಲಿ ಜಾಗದ ಬದಲು ಈ ಕಾಣದ ಅಕ್ಷರ ಸೇರಿಕೊಂಡು, ಪದಗಳು ಅಂಟಿಕೊಂಡಂತೆ ಕಾಣುತ್ತವೆ. ಪ್ರೋಗ್ರಾಮ್ ಬರೆಯುವವರಾದರೆ ಕಂಪೈಲರ್ ತೋರಿಸುವ ದೋಷದ ಸಾಲಿನಲ್ಲಿ ಯಾವ ದೋಷವೂ ಕಣ್ಣಿಗೆ ಬೀಳುವುದಿಲ್ಲ. ಕಾಣದ ಚಿಹ್ನೆಗಳನ್ನು ಉದ್ದೇಶಪೂರ್ವಕವಾಗಿ ಮಾತ್ರ ಒತ್ತಲಾಗುವ ಜಾಗದಲ್ಲಿ ಇಡಬೇಕು. ಮೂರನೆಯ ಅಥವಾ ನಾಲ್ಕನೆಯ ಮಟ್ಟದ, ಬೆರಳು ಸುಲಭವಾಗಿ ಅಡ್ಡಾಡದ ಕೀಲಿ ಅದಕ್ಕೆ ತಕ್ಕ ಸ್ಥಳ.

ಎಕ್ಸ್‌ಮಾಡ್‌ಮ್ಯಾಪ್

ಹಳೆಯ ಬರಹಗಳು ಮೊದಲು ಹೇಳುವುದು ಇದನ್ನೇ. ಒಂದೇ ಸಾಲಿನ ಆಜ್ಞೆಯಿಂದ ಕೀಲಿಯ ಅರ್ಥ ಬದಲಾಗುವುದರಿಂದ ಮನಸೆಳೆಯುತ್ತದೆ. ಆದರೆ ಕೀಲಿಮಣೆಯನ್ನು ಕಿತ್ತು ಮತ್ತೆ ಚುಚ್ಚಿದರೆ, ವಿನ್ಯಾಸ ಬದಲಿಸಿದರೆ, ಎಷ್ಟೋ ಸಲ ಕಂಪ್ಯೂಟರ್ ನಿದ್ದೆಯಿಂದ ಎದ್ದರೂ ಆ ಬದಲಾವಣೆ ಅಳಿದುಹೋಗುತ್ತದೆ. ವೇಲ್ಯಾಂಡ್‌ನ ತಂತ್ರಾಂಶಗಳ ಮೇಲೆ ಅದಕ್ಕೆ ಹಿಡಿತವೇ ಇಲ್ಲ. ಇಂದು ಹೊಸದಾಗಿ ಆರಂಭಿಸುವವರು ಇದನ್ನು ಕಲಿಯುವ ಅಗತ್ಯವಿಲ್ಲ.

ಕೀಡಿ, ಕೆಮೊನ್ಯಾಡ್, ಕನಾಟ

ಈ ಮೂರು ತಂತ್ರಾಂಶಗಳೂ ಮೊದಲನೆಯ ಹಂತದಲ್ಲಿ, ಅಂದರೆ ಕರ್ನೆಲ್‌ನಿಂದ ಬರುವ ಕೀಲಿ ಸಂಖ್ಯೆಗಳನ್ನು ತಡೆದು, ಬದಲಿಸಿ, ಒಂದು ಕಾಲ್ಪನಿಕ ಕೀಲಿಮಣೆಯ ಮೂಲಕ ಮುಂದೆ ಕಳಿಸುತ್ತವೆ. ಹಾಗಾಗಿ ಎಕ್ಸ್, ವೇಲ್ಯಾಂಡ್, ಚಿತ್ರರಹಿತ ಕನ್ಸೋಲ್ ಎಲ್ಲ ಕಡೆ ಒಂದೇ ರೀತಿ ನಡೆಯುತ್ತವೆ. ಕ್ಯಾಪ್ಸ್‌ಲಾಕ್ ತಟ್ಟಿದರೆ ಎಸ್ಕೇಪ್, ಹಿಡಿದರೆ ಕಂಟ್ರೋಲ್ ಎನ್ನುವಂಥ ಜಾಣತನ, ಕೀಲಿಗಳ ಪದರಗಳು, ಒಂದೊಂದು ಕೀಲಿಮಣೆಗೆ ಒಂದೊಂದು ವ್ಯವಸ್ಥೆ ಇವುಗಳಲ್ಲಿ ಅವನ್ನು ಮೀರಿಸುವವರಿಲ್ಲ.

ಆದರೆ ವಿಶೇಷ ಚಿಹ್ನೆಗಳ ವಿಷಯಕ್ಕೆ ಬಂದಾಗ ಮೊದಲು ಹೇಳಿದ ಮಾತು ಎದುರು ನಿಲ್ಲುತ್ತದೆ: ಆ ಹಂತದಲ್ಲಿ ಅಕ್ಷರಗಳೇ ಇಲ್ಲ. ಉದ್ದ ಗೆರೆಗೆ ಕೀಲಿ ಸಂಖ್ಯೆ ಇಲ್ಲದಿರುವಾಗ ಅದನ್ನು ಕಳಿಸುವುದಾದರೂ ಹೇಗೆ? ಆದ್ದರಿಂದ ಇವು ಮೇಲಿನ ಹಂತದವರ ಸಹಾಯ ಪಡೆಯುತ್ತವೆ. ಕೀಡಿ ತನ್ನದೇ ಒಂದು ಕಂಪೋಸ್ ಕಡತವನ್ನು ಕೊಡುತ್ತದೆ. ಅದನ್ನು ನಿಮ್ಮ ಎಕ್ಸ್‌ಕಂಪೋಸ್ ಕಡತಕ್ಕೆ ಜೋಡಿಸಿದರೆ ಮಾತ್ರ ಅದರ ಯುನಿಕೋಡ್ ಸೌಲಭ್ಯ ನಡೆಯುತ್ತದೆ. ಕೆಮೊನ್ಯಾಡ್ ಕೂಡ ಕಂಪೋಸ್ ಸರಣಿಗಳನ್ನೇ ಒತ್ತುತ್ತದೆ. ಕನಾಟ ನಿಮ್ಮ ಪರವಾಗಿ ಕಂಟ್ರೋಲ್, ಶಿಫ್ಟ್, ಯು ಒತ್ತಿ ಸಂಖ್ಯೆಯನ್ನು ಟೈಪ್ ಮಾಡುತ್ತದೆ. ಕೀಲಿಮಣೆಯೊಳಗೇ ಓಡುವ ಕ್ಯೂಎಂಕೆ ಫರ್ಮ್‌ವೇರ್ ಇರುವ ಕೀಲಿಮಣೆಗಳ ಲಿನಕ್ಸ್ ವಿಧಾನವೂ ಇದೇ. ಅಂದರೆ ಮೇಲೆ ಹೇಳಿದ ಆ ದಾರಿಗಳ ಮಿತಿಗಳೆಲ್ಲ ಇವುಗಳಿಗೂ ಬರುತ್ತವೆ, ನಡುವೆ ಇನ್ನೊಂದು ಕೊಂಡಿ ಮಾತ್ರ ಹೆಚ್ಚಾಗುತ್ತದೆ. ಕೀಡಿಯನ್ನು ನಾನು ಪ್ರತಿದಿನ ಬಳಸುತ್ತೇನೆ, ಆದರೆ ಕೀಲಿಗಳ ಜಾಗ ಬದಲಿಸುವುದಕ್ಕೆ ಮಾತ್ರ. ಅಗತ್ಯವಿಲ್ಲದ ಕೀಲಿಯೊಂದನ್ನು ಬಲಗಡೆಯ ಆಲ್ಟ್ ಆಗಿಸುವ ಕೆಲಸ ಅದಕ್ಕೆ, ಆ ಆಲ್ಟ್‌ನಿಂದ ಚಿಹ್ನೆ ಹುಟ್ಟಿಸುವ ಕೆಲಸ ಎಕ್ಸ್‌ಕೆಬಿಗೆ. ಪ್ರಯೋಗ ಮಾಡುವಾಗ ಕೀಲಿಮಣೆ ಕೈತಪ್ಪಿದರೆ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕೀಡಿ ನಿಂತುಹೋಗುತ್ತದೆ ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಉಳಿದ ದಾರಿಗಳು

ಎಸ್ಪಾನ್ಸೊ, ಆಟೋಕೀ ಮೊದಲಾದ ಪಠ್ಯ ವಿಸ್ತಾರಕಗಳು ನೀವು ಟೈಪ್ ಮಾಡಿದ ಸಂಕ್ಷೇಪವನ್ನು ಅಳಿಸಿ ಅದರ ಜಾಗದಲ್ಲಿ ಬೇಕಾದ ಪಠ್ಯವನ್ನು ಹಾಕುತ್ತವೆ. ವಿಳಾಸ, ಪತ್ರದ ಒಕ್ಕಣೆ ಇಂಥ ಉದ್ದದ ಪಠ್ಯಕ್ಕೆ ಅವು ಸೊಗಸಾಗಿವೆ. ಒಂದೇ ಚಿಹ್ನೆಗೆ ಅಷ್ಟು ಏರ್ಪಾಡು ಹೆಚ್ಚಾಯಿತು. ಆಟೋಕೀ ಎಕ್ಸ್‌ಗೆ ಸೀಮಿತ. ಐಬಸ್ ಅಥವಾ ಎಫ್‌ಸಿಟಿಎಕ್ಸ್ ಈಗಾಗಲೇ ಬಳಸುತ್ತಿರುವವರಿಗೆ ಚಿಹ್ನೆಯನ್ನು ಹೆಸರಿನಿಂದ ಹುಡುಕುವ ಸೌಲಭ್ಯ ಕೈಯಲ್ಲೇ ಇದೆ: ಎಫ್‌ಸಿಟಿಎಕ್ಸ್ 5ರಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಯು ಒತ್ತಿದರೆ ಹುಡುಕುವ ಪಟ್ಟಿ ತೆರೆಯುತ್ತದೆ. ಅಪರೂಪದ ಚಿಹ್ನೆಗಳಿಗೆ, ಸಂಖ್ಯೆ ಗೊತ್ತಿಲ್ಲದವಕ್ಕೆ, ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಒಂದೇ ಸಂಪಾದಕದಲ್ಲಿ ದಿನವೆಲ್ಲ ಕಳೆಯುವವರು ಕೀಲಿಮಣೆಯ ತಂಟೆಗೇ ಹೋಗಬೇಕಾಗಿಲ್ಲ. ವಿಮ್‌ನಲ್ಲಿ ಕಂಟ್ರೋಲ್ ಮತ್ತು ಕೆ ಒತ್ತಿ ಎರಡಕ್ಷರದ ಸಂಕೇತ ಕೊಟ್ಟರೆ ಚಿಹ್ನೆ ಬರುತ್ತದೆ. ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಕ್ಸ್, ಆಮೇಲೆ 8, ಆಮೇಲೆ ಎಂಟರ್ ಒತ್ತಿ ಚಿಹ್ನೆಯ ಹೆಸರನ್ನೇ ಬರೆಯಬಹುದು. ಲಿಬ್ರೆಆಫೀಸ್‌ನಲ್ಲಿ ಸಂಖ್ಯೆಯನ್ನು ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಚಿಹ್ನೆಯಾಗುತ್ತದೆ, ಮತ್ತೆ ಒತ್ತಿದರೆ ಸಂಖ್ಯೆಯಾಗುತ್ತದೆ. ಕಾಣದ ಅಕ್ಷರ ಯಾವುದೆಂದು ಪತ್ತೆ ಹಚ್ಚಲು ಇದನ್ನು ನಾನು ಎಷ್ಟೋ ಸಲ ಬಳಸಿದ್ದೇನೆ.

ನಿಮಗೆ ಯಾವುದು?

ಬೇಕಾದ ಚಿಹ್ನೆಗಳನ್ನು ಒಂದು ವಾರ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತ ಹೋಗಿ. ಐದಾರು ಚಿಹ್ನೆಗಳೇ ಮತ್ತೆ ಮತ್ತೆ ಬರುತ್ತಿದ್ದರೆ ಅವುಗಳಿಗೆ ಆಲ್ಟ್‌ಜಿಆರ್ ಮಟ್ಟದಲ್ಲಿ ಜಾಗ ಮಾಡಿಕೊಡುವುದು ಪಟ್ಟ ಶ್ರಮಕ್ಕೆ ಸಾರ್ಥಕ. ಮೂವತ್ತು ನಲವತ್ತು ಚಿಹ್ನೆಗಳು ಒಂದೊಂದು ಸಲ ಬರುತ್ತಿದ್ದರೆ ಅವನ್ನೆಲ್ಲ ವಿನ್ಯಾಸದಲ್ಲಿ ತುರುಕಲು ಹೋಗಬೇಡಿ, ಎಲ್ಲಿ ಇಟ್ಟಿದ್ದೇನೆಂದು ನಿಮಗೇ ಮರೆತುಹೋಗುತ್ತದೆ. ಅಂಥವಕ್ಕೆ ಕಂಪೋಸ್ ಸರಿಯಾದ ದಾರಿ. ಎರಡೂ ಬೇಕೆಂದರೆ ಎರಡೂ ಒಟ್ಟಿಗೆ ಬಾಳುತ್ತವೆ, ಆದರೆ ಬಲಗಡೆಯ ಆಲ್ಟ್ ಒಂದೇ ಆದ್ದರಿಂದ ಅದನ್ನು ಮೂರನೆಯ ಮಟ್ಟಕ್ಕೆ ಕೊಟ್ಟು ಕಂಪೋಸ್‌ಗೆ ಮೆನು ಅಥವಾ ಕ್ಯಾಪ್ಸ್‌ಲಾಕ್ ಕೊಡಿ. ಹಲವು ಕಂಪ್ಯೂಟರುಗಳ ನಡುವೆ ಓಡಾಡುವವರಿಗೆ ಕಂಪೋಸ್‌ನ ಸಿದ್ಧ ಸರಣಿಗಳು ಹೆಚ್ಚು ಹಿತ, ಏಕೆಂದರೆ ಎಲ್ಲ ಕಡೆಯೂ ಅವು ಮೊದಲೇ ಇರುತ್ತವೆ, ಕೀಲಿಯೊಂದನ್ನು ಆರಿಸಿದರಾಯಿತು.

ಯಾವ ದಾರಿ ಹಿಡಿದರೂ ಪಾಸ್‌ವರ್ಡಿನಲ್ಲಿ ಈ ಚಿಹ್ನೆಗಳನ್ನು ಬಳಸಬೇಡಿ. ಡಿಸ್ಕ್ ಗೂಢಲಿಪಿಯ ಪಾಸ್‌ವರ್ಡ್ ಕೇಳುವ ಹೊತ್ತಿಗೆ ನಿಮ್ಮ ಕಂಪೋಸ್ ಕಡತವೂ ಸ್ವಂತ ವಿನ್ಯಾಸವೂ ಇನ್ನೂ ಓದಲ್ಪಟ್ಟಿರುವುದಿಲ್ಲ. ಹೊಂದಿಸಿದ ಮೇಲೆ ಒಂದು ಜಿಟಿಕೆ ತಂತ್ರಾಂಶ, ಒಂದು ಕ್ಯೂಟಿ ತಂತ್ರಾಂಶ, ಟರ್ಮಿನಲ್, ಬ್ರೌಸರ್ ಈ ನಾಲ್ಕರಲ್ಲೂ ಪ್ರತಿ ಚಿಹ್ನೆಯನ್ನು ಒಮ್ಮೆ ಟೈಪ್ ಮಾಡಿ ನೋಡಿ. ಚಿಹ್ನೆಯ ಬದಲು ಖಾಲಿ ಚೌಕ ಕಂಡರೆ ಕೀಲಿಮಣೆಯನ್ನು ಮತ್ತೆ ತಿದ್ದಲು ಹೊರಡಬೇಡಿ. ಅಕ್ಷರ ಸರಿಯಾಗಿಯೇ ಬಂದಿದೆ, ಅದರ ಆಕಾರ ಆ ತಂತ್ರಾಂಶ ಬಳಸುತ್ತಿರುವ ಫಾಂಟ್‌ನಲ್ಲಿ ಇಲ್ಲ ಅಷ್ಟೇ.